ಕಾಣಿಕೆ ಚೀಲದೊಳಗಿನ ಎರಡು ಚೀಟಿ

ಪುಣೆಯಲ್ಲಿ ನಮ್ಮ ಕನ್ನಡ ಸಭೆಗೆ ಸ್ವಂತ ದೇವಾಲಯವಿಲ್ಲ. ಮರಾಠಿ ಸಭೆಯವರು ಭಾನುವಾರ ಬೆಳಗಿನ ಆರಾಧನೆ ಮುಗಿಸಿಕೊಂಡು ಹೋದ ಮೇಲೆ, ಅವರ ಹಳೆಯ ಕಲ್ಲಿನ ದೇವಾಲಯ ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮ ವಶಕ್ಕೆ ಬರುತ್ತದೆ. ನಾವು ಒಂದು ನಲವತ್ತು ಮನೆಯವರು. ಗದಗ, ಹುಬ್ಬಳ್ಳಿ, ಧಾರವಾಡ, ಹಳಿಯಾಳದ ಕಡೆಯಿಂದ ಬಂದ ಕ್ರೈಸ್ತರು. ಗಂಡಸರಲ್ಲಿ ಹೆಚ್ಚಿನವರಿಗೆ ಚಾಕಣದ ಕಡೆಯ ಕಾರ್ಖಾನೆಗಳಲ್ಲಿ ಕೆಲಸ. ಹೆಂಗಸರಲ್ಲಿ ನರ್ಸುಗಳೂ ಶಾಲೆಯ ಟೀಚರುಗಳೂ ಜಾಸ್ತಿ. ವಾರವಿಡೀ ಮರಾಠಿ, ಹಿಂದಿ ಆಡಿ ದಣಿದ ನಾಲಿಗೆಗೆ ಆ ಎರಡು ತಾಸು ಕನ್ನಡ ಸಿಗುತ್ತದೆ. ಆರಾಧನೆಗಿಂತ ಆಮೇಲಿನ ಚಹಾದ ಹೊತ್ತಿಗಾಗಿಯೇ ಕೆಲವರು ಬರುತ್ತಾರೆ ಎಂದರೂ ಸುಳ್ಳಲ್ಲ.

ಆ ಸಭೆಯಲ್ಲಿ ಹನ್ನೊಂದು ವರ್ಷ ಹಾಡು ಎತ್ತುತ್ತಿದ್ದವಳು ನಾನು. ಹಾಡು ಎತ್ತುವುದೆಂದರೆ ಮುಂದೆ ನಿಂತು ಶ್ರುತಿ ಹಿಡಿದು ಮೊದಲ ಸಾಲು ಹಾಡುವುದು. ಉಳಿದವರು ಅದನ್ನು ಹಿಡಿದುಕೊಂಡು ಬರುತ್ತಾರೆ. ಯಾವ ಭಾನುವಾರ ಯಾವ ಹಾಡು, ಗುರುವಾರದ ಅಭ್ಯಾಸಕ್ಕೆ ಯಾರು ಬರಬೇಕು, ಕ್ರಿಸ್ಮಸ್ಸಿಗೆ ಯಾರು ಯಾವ ಸಾಲಿನಲ್ಲಿ ನಿಲ್ಲಬೇಕು, ಎಲ್ಲವೂ ನನ್ನ ಮಾತಿನ ಮೇಲೆ ನಡೆಯುತ್ತಿತ್ತು. ನನ್ನ ಕಂಠ ದೊಡ್ಡದೇನಲ್ಲ. ಅದು ನನಗೆ ಗೊತ್ತಿತ್ತು. ಆದರೆ ಹಳೆಯ ಹಾಡುಗಳ ರಾಗ ನನ್ನಷ್ಟು ಗೊತ್ತಿದ್ದವರು ಅಲ್ಲಿ ಇರಲಿಲ್ಲ. ಯಾಕೆಂದರೆ ನಾನು ಬೆಟಗೇರಿಯ ಹಾಡಿನ ಮಾಸ್ತರರ ಮಗಳು.

ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಸಂಜೆಯಾದರೆ ಓಣಿಯ ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿಕೊಂಡು ಹಾರ್ಮೋನಿಯಂ ಬಾರಿಸುತ್ತ ಹಾಡು ಕಲಿಸುತ್ತಿದ್ದರು. ಹಿಂದಿನ ಕಾಲದ ಜರ್ಮನ್ ಪಾದ್ರಿಗಳು ತಂದ ರಾಗಗಳು, ಕನ್ನಡದ ಮಾತುಗಳು. ನಾನು ಹಾಡುವಾಗ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ ಕಣ್ಣು ತೆರೆದು, "ಹೂಂ, ಆತು" ಅನ್ನುತ್ತಿದ್ದರು. ಅಷ್ಟೇ. ಛಲೋ ಹಾಡಿದಿ ಅನ್ನಲಿಲ್ಲ, ಕೆಟ್ಟದಾಗಿ ಹಾಡಿದಿ ಅಂತಲೂ ಅನ್ನಲಿಲ್ಲ. ಮದುವೆಯಾಗಿ ಪುಣೆಗೆ ಬರುವವರೆಗೂ ಆ ಮಾತಿನ ಹಿಂದೆ ಇನ್ನೊಂದು ಮಾತು ಬಂದೀತೆಂದು ನಾನು ಕಾದೆ. ಬರಲಿಲ್ಲ. ಅವರು ಎಲ್ಲರಿಗೂ ಹಾಗೆಯೇ, ಹೊಗಳುವುದು ಅವರ ಸ್ವಭಾವದಲ್ಲೇ ಇಲ್ಲ ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಅವರು ತೀರಿಕೊಂಡು ನಾಲ್ಕು ವರ್ಷವಾದ ಮೇಲೂ ಆ ಸಮಾಧಾನ ಗಟ್ಟಿಯಾಗಿಯೇ ಇತ್ತು.

ಅದು ಒಡೆದದ್ದು ಜೂನ್ ತಿಂಗಳ ಒಂದು ಭಾನುವಾರ.

ಅವತ್ತು ಎರಡನೆಯ ಹಾಡಿನ ಎರಡನೆಯ ಚರಣದಲ್ಲಿ ಎಡಗಡೆಯ ಬೆಂಚಿನಿಂದ ಒಂದು ಹೊಸ ಸ್ವರ ಎದ್ದಿತು. ಜೋರಾಗಿಯೇನೂ ಅಲ್ಲ. ಆದರೆ ಉಳಿದ ಸ್ವರಗಳೆಲ್ಲ ತಾವಾಗಿಯೇ ಸರಿದು ಅದಕ್ಕೆ ಜಾಗ ಬಿಟ್ಟಂತೆ ಕೇಳಿಸಿತು. ಮೂರನೆಯ ಸಾಲಿನ ಕೊನೆಗೆ ನಾವೆಲ್ಲ ಉಸಿರು ತೆಗೆದುಕೊಳ್ಳುತ್ತೇವೆ. ಆ ಸ್ವರ ತೆಗೆದುಕೊಳ್ಳಲಿಲ್ಲ. ಎಳೆದು ನಿಲ್ಲಿಸಿ, ನಾಲ್ಕನೆಯ ಸಾಲಿನ ಮೊದಲ ಮಾತು ಮುಗಿಸಿ, ಆಮೇಲೆ ತೆಗೆದುಕೊಂಡಿತು. ಹಾಗೆ ಹಾಡುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ, ನಮ್ಮಪ್ಪ. ಮುಂದೆ ನಿಂತಿದ್ದ ನಾನು ಮೂರನೆಯ ಚರಣ ಎತ್ತುವ ಬದಲು ಮತ್ತೆ ಎರಡನೆಯದನ್ನೇ ಎತ್ತಿದೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಚಹಾದ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಹೋದೆ. ಮೂವತ್ತು ದಾಟಿದ, ಸಪೂರ ಮೈಯ ಹೆಂಗಸು. ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡ ಕೊಂಢವಾದಲ್ಲಿ ಏಳುತ್ತಿದ್ದ ಹೊಸ ಕಟ್ಟಡಗಳಿಗೆ ವೈರಿಂಗ್ ಮಾಡುವವನು. ಊರು ಯಾವುದು ಅಂದೆ. ಬೆಟಗೇರಿ ಅಂದಳು. ಹಾಡು ಎಲ್ಲಿ ಕಲಿತೆ ಅಂದೆ.

"ಹಾಡಿನ ಮಾಸ್ತರ ಕಡೆ ಕಲ್ತೇನ್ರಿ. ಏಳ ವರ್ಷ," ಅಂದಳು.

ನಾನು ಅವರ ಮಗಳೆಂದು ಹೇಳಿದಾಗ ಕೈಯಲ್ಲಿದ್ದ ಲೋಟ ಕಿಟಕಿಯ ಮೇಲಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತಂದುಕೊಂಡಳು. ಒಂದು ಸಲ ನಾನು ತವರಿಗೆ ಬಂದಾಗ ಅವಳಿಗೆ ರವೆಯ ಉಂಡಿ ಕೊಟ್ಟಿದ್ದೆನಂತೆ. ನನಗೆ ನೆನಪಿರಲಿಲ್ಲ. ನಾನು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದೆ, ಸಂಜೆ ಪಡಸಾಲೆಯಲ್ಲಿ ಮಕ್ಕಳು ಹಾಡುತ್ತಿದ್ದರೆ ನಾನು ಅಡುಗೆಮನೆಯಲ್ಲಿ ಅವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದೆ. ಒಳಗೆ ಕುಳಿತು ಕೇಳಿದ ಆ ಗುಂಪಿನ ಸ್ವರಗಳಲ್ಲಿ ಇವಳದೂ ಒಂದಿದ್ದಿರಬೇಕು.

ಅಲ್ಲಿಗೇ ಬಿಟ್ಟಿದ್ದರೆ ನಾನು ಅವಳನ್ನು ತಂಗಿಯಂತೆ ನೋಡಿಕೊಳ್ಳುತ್ತಿದ್ದೆನೋ ಏನೋ. ಆದರೆ ಅವಳು ಪ್ರೀತಿಯಿಂದಲೇ ಇನ್ನೊಂದು ಮಾತು ಹೇಳಿದಳು. "ಒಂದ ಸಲ ನಾ ಹಾಡಿ ಮುಗಿಸೂದ್ರಾಗ ಮಾಸ್ತರ ಕಣ್ಣಾಗ ನೀರು ಬಂದಿದ್ವು ನೋಡ್ರಿ ಅಕ್ಕಾ. ಹಿಂಗ ಹಾಡಾಕ ನನಗೂ ಬರಲಿಲ್ಲವ್ವಾ ಅಂದಿದ್ರು."

ನಮ್ಮಪ್ಪನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡದ್ದು ಒಂದೇ ಸಲ, ಅವ್ವನನ್ನು ಮಣ್ಣು ಮಾಡಿದ ದಿನ.

ಆ ದಿನದಿಂದ ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದಕ್ಕೆ ಮತ್ಸರ ಎನ್ನುವ ಹೆಸರು ಇಡಲು ನನಗೆ ಬಹಳ ದಿನ ಧೈರ್ಯವಾಗಲಿಲ್ಲ. ಹೊಸಬಳು, ಸಭೆಯ ರೀತಿ ಗೊತ್ತಿಲ್ಲ, ಸ್ವಲ್ಪ ಮುಂದೆ ಮುಂದೆ ಬರುತ್ತಾಳೆ ಎಂದು ಏನೇನೋ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅವಳು ಮುಂದೆ ಬಂದದ್ದೇ ಇಲ್ಲ. ನಾನೇ ಅವಳನ್ನು ಹಿಂದೆ ತಳ್ಳಿದೆ. ಅವಳಿಗೆ ಎತ್ತರದ ಸ್ವರ ಸಲೀಸೆಂದು ತಿಳಿದ ಮೇಲೆ ಎಲ್ಲ ಹಾಡನ್ನೂ ತಗ್ಗಿಸಿ ಎತ್ತತೊಡಗಿದೆ. ಅವಳ ಡ್ಯೂಟಿ ಯಾವತ್ತು ಎಂದು ಉಪಾಯವಾಗಿ ಕೇಳಿಕೊಂಡು ಅದೇ ದಿನ ಅಭ್ಯಾಸ ಇಟ್ಟೆ. ಅವಳು ರಾತ್ರಿಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದಳು. ಆಗಂತೂ ಇನ್ನಷ್ಟು ಸಿಟ್ಟು ಬಂತು. ಮನೆಯಲ್ಲಿ ಕೆಲಸ ಮಾಡುತ್ತ ಗುನುಗುವ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು, ಅದು ನಿಂತೇಹೋಯಿತು. ಗುನುಗತೊಡಗಿದರೆ ಸಾಕು, ಇದೇ ಸಾಲನ್ನು ಅವಳು ಹೇಗೆ ಹಾಡಿಯಾಳು ಎಂದು ಒಳಗೆ ಕೇಳಿಸುತ್ತಿತ್ತು.

ಮರುವರ್ಷ ಈಸ್ಟರಿನ ಅಭ್ಯಾಸದಲ್ಲಿ ಅದು ಹೊರಗೆ ಬಿತ್ತು. ಪುನರುತ್ಥಾನದ ಒಂದು ಹಳೆಯ ಹಾಡು ಕಲಿಸುತ್ತಿದ್ದೆ. ಪಲ್ಲವಿ ಮುಗಿಯುತ್ತಲೇ ಅವಳು ಮೆಲ್ಲಗೆ, "ಅಕ್ಕಾ, ಮಾಸ್ತರು ಇಲ್ಲೆ ಇಳಿಸಿ ಹಾಡಸ್ತಿದ್ರು ಅನಸ್ತದ್ರಿ," ಅಂದಳು. ನನ್ನನ್ನು ತಿದ್ದುವ ಧಾಟಿಯಲ್ಲಲ್ಲ, ನೆನಪು ಮಾಡಿಕೊಡುವ ಹಾಗೆ. ಅವಳು ಹೇಳಿದ್ದು ಸರಿ ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಹನ್ನೊಂದು ವರ್ಷ ಆ ಜಾಗವನ್ನು ನಾನು ತಪ್ಪಾಗಿ ಕಲಿಸಿದ್ದೆ.

"ನಮ್ಮಪ್ಪನ ಹಾಡು ನನಗ ಕಲಸಾಕ ಬರಬ್ಯಾಡ," ಅಂದೆ.

ಹಾಡುಗಾರರು ಹದಿನಾಲ್ಕು ಮಂದಿ ಇದ್ದರು. ಅವಳ ಮುಖ ಕೆಂಪಾಯಿತು. ತಪ್ಪಾಯಿತೆಂದು ಹೇಳಿ ಪುಸ್ತಕದೊಳಗೆ ತಲೆ ತಗ್ಗಿಸಿದಳು. ಆ ಈಸ್ಟರಿಗೆ ಹಾಡನ್ನು ನಾನು ಹೇಳಿದಂತೆಯೇ, ಎಂದರೆ ತಪ್ಪಾಗಿಯೇ ಹಾಡಿದೆವು.

ಅಲ್ಲಿಂದ ಸಭೆ ಎರಡು ಪಾಲಾಯಿತು. ಹಳಬರಲ್ಲಿ ಕೆಲವರು ನನ್ನ ಕಡೆ, ಹೊಸಬರೂ ಹರೆಯದವರೂ ಅವಳ ಕಡೆ. ಅವಳು ಯಾರನ್ನೂ ಕೂಡಿಸಲಿಲ್ಲ, ಯಾರ ಹತ್ತಿರವೂ ನನ್ನ ಮಾತು ಎತ್ತಲಿಲ್ಲ. ಆದರೆ ಚಹಾದ ಹೊತ್ತಿಗೆ ಎರಡು ಗುಂಪು ಎರಡು ಕಡೆ ನಿಲ್ಲತೊಡಗಿದವು. ನಾನು ಹಾಡು ಎತ್ತಿದರೆ ಎಡಗಡೆಯ ಬೆಂಚುಗಳಿಂದ ಸ್ವರವೇ ಬರುತ್ತಿರಲಿಲ್ಲ. ಹಾಡುವ ವಿಷಯಕ್ಕೆ ಶುರುವಾದದ್ದು ಬಿಸ್ಕಿಟ್ಟು ತರುವವರ ಪಾಳಿ, ಚಾಪೆ ಹಾಸುವವರ ಪಾಳಿಯ ತನಕ ಹೋಯಿತು.

ನವೆಂಬರಿನಲ್ಲಿ ಸಭೆಯವರೆಲ್ಲ ಮಾತುಕತೆಗೆ ಕೂಡಿದರು. ಆ ಕ್ರಿಸ್ಮಸ್ಸಿಗೆ ಮರಾಠಿ ಸಭೆ, ತಮಿಳು ಸಭೆ, ನಾವು, ಮೂವರೂ ಕೂಡಿ ಆರಾಧನೆ ಮಾಡುವುದೆಂದು ತೀರ್ಮಾನವಾಗಿತ್ತು. ಒಬ್ಬೊಬ್ಬರಿಗೆ ಎರಡೆರಡು ಹಾಡು. ನಮ್ಮ ಕಡೆಯಿಂದ ಯಾರು ಹಾಡು ಎತ್ತಬೇಕು ಎಂಬ ಮಾತು ಬಂತು. ಬೆಂಗಳೂರಿನಿಂದ ಬಂದ ಒಬ್ಬ ಕಂಪ್ಯೂಟರ್ ಎಂಜಿನಿಯರು ಎದ್ದುನಿಂತು, ಇಷ್ಟು ವರ್ಷ ಆಂಟಿ ಚೆನ್ನಾಗಿ ನಡೆಸಿದ್ದಾರೆ, ಈ ಸಲ ಬೇರೆಯವರಿಗೂ ಒಂದು ಚಾನ್ಸ್ ಇರಲಿ, ಕೈ ಎತ್ತಿಸಿ ನೋಡೋಣ ಅಂದ. ನಾಲ್ಕಾರು ಜನ ಹೌದೌದು ಅಂದರು.

ನಾನು ತಲೆ ಎಣಿಸಿದೆ. ಕುಳಿತಿದ್ದವರಲ್ಲಿ ನನಗೆ ಕೈ ಎತ್ತುವವರು ಎಂಟು ಮಂದಿ. ಹೆಚ್ಚೆಂದರೆ ಒಂಬತ್ತು. ಇನ್ನೊಂದು ಕಡೆ ಹದಿನೈದರ ಮೇಲೆ. ಎರಡು ಸಲ ಎಣಿಸಿದರೂ ಅಷ್ಟೇ. ಅವರ ಕೈಗಳು ಮೇಲೇಳುವುದನ್ನು ನಾನು ಮುಂದಿನ ಬೆಂಚಿನಲ್ಲಿ ಕುಳಿತು ನೋಡಬೇಕಾಗುತ್ತದೆ ಎಂದು ಹೊಳೆಯಿತು. ಎದ್ದು ನಿಂತೆ.

"ಕೈ ಎತ್ತಿ ಆರಿಸಾಕ ಇದೇನು ಸೊಸೈಟಿ ಚುನಾವಣೆ ಅಲ್ಲ. ಇದು ದೇವರ ಕೆಲಸ. ದೇವರನ್ನೇ ಕೇಳೂನು. ಚೀಟಿ ಹಾಕ್ರಿ. ಬೈಬಲಿನ್ಯಾಗ ಅಪೊಸ್ತಲರೂ ಒಬ್ಬನ್ನ ಆರಿಸಾಕ ಹಂಗ ಮಾಡಿದ್ರು," ಅಂದೆ.

ನನ್ನ ಧ್ವನಿಯಲ್ಲಿ ಭಕ್ತಿ ಇತ್ತು. ಹಿರಿಯರು ತಲೆದೂಗಿದರು. ನನ್ನ ವಿರುದ್ಧ ಇದ್ದವರಿಗೂ ಬಾಯಿ ಕಟ್ಟಿತು, ದೇವರನ್ನು ಕೇಳುವುದು ಬೇಡ ಎಂದು ದೇವಾಲಯದೊಳಗೆ ಕುಳಿತು ಯಾರು ಹೇಳುತ್ತಾರೆ? ಕೈ ಎತ್ತಿಸಿದರೆ ನಾನು ಸೋಲುವುದು ಖಂಡಿತ, ಚೀಟಿಯಲ್ಲಿ ಅರ್ಧಕ್ಕರ್ಧ ಆಸೆಯಿದೆ. ಎದ್ದು ನಿಲ್ಲುವ ಮೊದಲು ನಾನು ಮಾಡಿದ ಲೆಕ್ಕ ಅಷ್ಟೇ.

ನಮ್ಮ ಪಾಸ್ಟರು ಹುಬ್ಬಳ್ಳಿಯವರು, ಇನ್ನೂ ಚಿಕ್ಕ ವಯಸ್ಸು. ಅವರು ಕೂಡಲೇ ಹೂಂ ಅನ್ನಲಿಲ್ಲ. ಮೊದಲು ನಮ್ಮಿಬ್ಬರನ್ನೂ ಮುಂದೆ ಕರೆದರು.

"ಚೀಟಿ ಯಾರ ಹೆಸರಿಗೆ ಬಂದ್ರೂ ಜಗಳ ಇಲ್ಲಿಗೆ ಮುಗೀಬೇಕು. ಆಮ್ಯಾಲೆ ಯಾರೂ ಮಾತಾಡೂ ಹಂಗಿಲ್ಲ. ಇದು ದೇವರ ಉತ್ತರ ಅಂತ ಇಬ್ರೂ ಒಪ್ಪತೀರೇನ್ರಿ?"

ನಾನು ಒಪ್ಪುತ್ತೇನೆಂದೆ. ಅವಳು, ತನಗೆ ಮುಂದೆ ನಿಲ್ಲುವ ಆಸೆಯೇ ಇಲ್ಲ, ಹಿಂದೆ ನಿಂತು ಹಾಡಿದರೆ ಸಾಕು, ತನ್ನ ಹೆಸರು ಬರೆಯುವುದೇ ಬೇಡ ಅಂದಳು. ಅವಳ ಕಡೆಯವರು ಬಿಡಲಿಲ್ಲ. ಕೊನೆಗೆ ತಲೆ ಅಲ್ಲಾಡಿಸಿದಳು.

ಕಾರ್ಯದರ್ಶಿ ತಮ್ಮ ಡೈರಿಯ ಒಂದು ಹಾಳೆ ಹರಿದು ಎರಡು ತುಂಡು ಮಾಡಿ ಹೆಸರು ಬರೆದರು. ನಾಲ್ಕು ಮಡಿಕೆ ಮಡಿಚಿ, ಕಾಣಿಕೆ ಎತ್ತುವ ಮಖಮಲ್ಲಿನ ಚೀಲದೊಳಗೆ ಹಾಕಿದರು. ಪಾಸ್ಟರು ಪ್ರಾರ್ಥನೆ ಮಾಡಿದರು. ನಮ್ಮ ಮನಸ್ಸು ಬೇಡ, ನಿನ್ನ ಚಿತ್ತವೇ ಆಗಲಿ ಎಂದು ಕೇಳಿಕೊಂಡರು. ಎಲ್ಲರೂ ಕಣ್ಣು ಮುಚ್ಚಿದ್ದರು. ನಾನು ತೆರೆದುಕೊಂಡೇ ಇದ್ದೆ, ಚೀಲವನ್ನು ನೋಡುತ್ತಿದ್ದೆ. ನನ್ನ ಹೆಸರು, ನನ್ನ ಹೆಸರು ಎಂದು ಅಷ್ಟೇ ಹೇಳಿಕೊಳ್ಳುತ್ತಿದ್ದೆ. ಅದನ್ನು ಪ್ರಾರ್ಥನೆ ಅನ್ನಬಹುದಾದರೆ ಅಷ್ಟು ತೀವ್ರವಾಗಿ ನಾನು ಬದುಕಿನಲ್ಲಿ ಮತ್ತೆಂದೂ ಪ್ರಾರ್ಥಿಸಿಲ್ಲ.

ಚೀಟಿ ಎತ್ತಲು ಸಭೆಯ ಹಿರಿಯ ಅಜ್ಜಿಯನ್ನು ಕರೆದರು. ಎಂಬತ್ತು ದಾಟಿದವರು, ಓದು ಬರದವರು. ಕೈ ಹಿಡಿದು ಕರೆತಂದು ನಿಲ್ಲಿಸಿದ ಮೇಲೆ, ಒಂದೇ ತೆಗೆಯಬೇಕೋ ಎರಡೂ ತೆಗೆಯಬೇಕೋ ಎಂದು ಕೇಳಿದರು. ಯಾರೋ ನಕ್ಕರು. ಅಜ್ಜಿ ಚೀಲದೊಳಗೆ ಕೈ ಹಾಕಿ ಸಂತೆಯಲ್ಲಿ ಬದನೆಕಾಯಿ ಆರಿಸುವವರಂತೆ ಹೊತ್ತು ಮಾಡಿದರು. ಹೊರಬಂದ ಚೀಟಿಯನ್ನು ಪಾಸ್ಟರು ಬಿಡಿಸಿ ಓದಿದರು.

ನನ್ನ ಹೆಸರು.

ನನ್ನ ಕಡೆಯವರು ಸ್ತೋತ್ರ ಅಂದರು. ಎಲ್ಲರಿಗಿಂತ ಮೊದಲು ಅವಳೇ ಹತ್ತಿರ ಬಂದು ಕೈ ಹಿಡಿದಳು. "ಛಲೋ ಆತ್ರಿ ಅಕ್ಕಾ. ದೇವರ ಹೇಳಿದ ಮ್ಯಾಲೆ ಮನಸ್ಸು ಹಗುರಾತು," ಅಂದಳು. ಮುಖ ನೋಡಿದೆ. ಸೋತವಳ ಮುಖವಾಗಿರಲಿಲ್ಲ ಅದು. ನಿಜಕ್ಕೂ ಹಗುರಾಗಿತ್ತು. ನಾನು ಗೆದ್ದಿದ್ದೆ, ಆದರೂ ಆ ಹಗುರ ಮುಖವನ್ನು ಕಂಡು ಮತ್ತೆ ಹೊಟ್ಟೆಯುರಿಯಿತು.

ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಗಂಡ ಪಕ್ಕದಲ್ಲಿ ಕುಳಿತಿದ್ದರು. ಅವರು ಚಾಕಣದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಯಂತ್ರಗಳ ಸದ್ದಿನ ನಡುವೆ ಕಳೆದವರು, ಮಾತು ಕಡಿಮೆ.

"ಮಂದಿಗೆ ಅಂಜಿ ದೇವರ ಕಡೆ ಓಡಿದಿ," ಅಂದರು.

"ಹಂಗಾದ್ರ ಚೀಟಿ ನನ್ನ ಹೆಸರಿಗೆ ಯಾಕ ಬಂತು?" ಅಂದೆ.

"ಅದನ್ನ ನೀನೇ ಕೇಳು," ಎಂದು ಕಿಟಕಿಯ ಕಡೆ ತಿರುಗಿದರು.

ಕ್ರಿಸ್ಮಸ್ಸಿನ ಕೂಡು ಆರಾಧನೆಯಲ್ಲಿ ನಮ್ಮ ಎರಡು ಹಾಡೂ ತಪ್ಪಿಲ್ಲದೆ ಮುಗಿದವು. ಅವಳು ಎರಡನೆಯ ಸಾಲಿನಲ್ಲಿ ನಿಂತು ಬಾಯಿ ಅರ್ಧ ತೆರೆದು ಹಾಡಿದಳು. ತನ್ನ ಸ್ವರ ನನ್ನದರ ಮೇಲೆ ಬರಬಾರದೆಂದು ಒತ್ತಿ ಹಿಡಿದಿದ್ದಳು. ನನಗದು ಬೆನ್ನಿಗೆ ತಿಳಿಯುತ್ತಿತ್ತು. ಕೊನೆಗೆ ಮೂರೂ ಸಭೆಯವರು ಕೂಡಿ ಅವರವರ ಭಾಷೆಯಲ್ಲಿ ಹಾಡುವ ಹಾಡು ಬಂತು. ಅಲ್ಲಿ ಮುಂದಾಳು ಯಾರೂ ಇರಲಿಲ್ಲ. ಅವಳು ಬಾಯಿ ತೆರೆದಳು. ಪಕ್ಕದಲ್ಲಿದ್ದ ಮರಾಠಿ ಹೆಂಗಸೊಬ್ಬಳು ಹಾಡುವುದನ್ನು ಬಿಟ್ಟು ತಿರುಗಿ ನೋಡಿದ್ದನ್ನು ನಾನು ಕಂಡೆ. ಊಟದ ಹೊತ್ತಿಗೆ ಅದೇ ಹೆಂಗಸು ಅವಳ ಫೋನ್ ನಂಬರು ಬರೆದುಕೊಳ್ಳುತ್ತಿದ್ದಳು. ನಮ್ಮ ಹಾಡಿನ ಬಗ್ಗೆ ನನಗೆ ಯಾರೂ ಏನೂ ಹೇಳಲಿಲ್ಲ.

ಹೊಸವರ್ಷದ ನಂತರ ಅವಳು ಬರುವುದನ್ನು ನಿಲ್ಲಿಸಿದಳು. ಕೇಳಿದವರಿಗೆ ಭಾನುವಾರ ಡ್ಯೂಟಿ ಎಂದು ಉತ್ತರ ಬರುತ್ತಿತ್ತು. ಮೊದಲ ಮೂರು ವಾರ ನನಗೆ ಹಬ್ಬ. ಹಾಡುಗಳನ್ನು ಮತ್ತೆ ಮೊದಲಿನ ಶ್ರುತಿಗೆ ಏರಿಸಿದೆ, ಮನೆಯಲ್ಲಿ ಗುನುಗಿದೆ. ಆಮೇಲೆ ಅಭ್ಯಾಸಕ್ಕೆ ಬರುವವರು ಹದಿನಾಲ್ಕರಿಂದ ಏಳಕ್ಕೆ ಇಳಿದರು. ಜಗಳವೇನೋ ಇರಲಿಲ್ಲ, ಪಾಸ್ಟರು ಹೇಳಿದಂತೆ ಯಾರೂ ಮಾತಾಡಲಿಲ್ಲ. ಹಾಡಲೂ ಇಲ್ಲ. ಚೀಟಿ ಎತ್ತಿದ ಅಜ್ಜಿ ಮಾತ್ರ ಪ್ರತಿ ವಾರ, ಆ ಹುಡುಗಿ ಎಲ್ಲಿ ಎಂದು ನನ್ನನ್ನೇ ಕೇಳುತ್ತಿದ್ದರು.

ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ನಾನು ಒಬ್ಬಳೇ ದೇವಾಲಯಕ್ಕೆ ಹೋದೆ. ಶುಭಶುಕ್ರವಾರದ ಹಾಡಿನ ಝೆರಾಕ್ಸ್ ಪ್ರತಿಗಳನ್ನು ದೇವಾಲಯ ನೋಡಿಕೊಳ್ಳುವ, ನಾವೆಲ್ಲ ಮಾಮಾ ಎಂದು ಕರೆಯುವ ಮರಾಠಿಯವರ ಹತ್ತಿರ ಇಟ್ಟಿದ್ದೆ, ಅವು ಬೇಕಾಗಿದ್ದವು. ಒಳಗೆ ಮರಾಠಿ ಆರಾಧನೆ ನಡೆದಿತ್ತು. ಮೆಟ್ಟಿಲು ಹತ್ತುವಾಗ ಹಾಡು ಶುರುವಾಯಿತು. ಮಾತು ಮರಾಠಿ, ರಾಗ ನಮ್ಮದೇ. ಮೂರನೆಯ ಸಾಲಿನ ಕೊನೆಗೆ ಎಲ್ಲರೂ ಉಸಿರು ತೆಗೆದುಕೊಂಡರು, ಒಂದು ಸ್ವರ ಮಾತ್ರ ನಿಲ್ಲದೆ ಮುಂದೆ ಹೋಯಿತು.

ಮಾಮಾ ಬಾಗಿಲ ಬಳಿ ನಿಂತಿದ್ದರು. "ಕಾಯ ಗಾತೇ ತೀ," ಎಂದು, ಏನು ಹಾಡುತ್ತಾಳೆ ನೋಡಿ, ನಿಮ್ಮವಳೇ ಅಲ್ಲವೇ ಎನ್ನುವ ಹೆಮ್ಮೆಯಿಂದ ನನ್ನ ಮುಖ ನೋಡಿದರು.

ನಿಮ್ಮವಳೇ ಎನ್ನುವ ಆ ನೋಟ ಕಂಡಾಗ ನನಗಾದದ್ದನ್ನು ಹೇಳುವುದು ಕಷ್ಟ. ಇಷ್ಟು ದಿನ ಅವಳ ಮೇಲೆ ಉರಿಯುತ್ತಿದ್ದ ಬೆಂಕಿ ಆ ಮರಾಠಿ ಹೆಂಗಸರ ಮೇಲೆ ತಿರುಗಿತು. ಅವಳ ಎಡಕ್ಕೂ ಬಲಕ್ಕೂ ನಿಂತು ಅವಳ ಸ್ವರದಲ್ಲಿ ತಮ್ಮ ಸ್ವರ ಸೇರಿಸುತ್ತಿದ್ದ ಅವರು ನನ್ನ ಕೈಯಿಂದ ಏನನ್ನೋ ಕಿತ್ತುಕೊಂಡವರಂತೆ ಕಂಡರು. ಕಿತ್ತುಕೊಂಡವರು ಯಾರೂ ಇರಲಿಲ್ಲ. ಕೊಟ್ಟವಳು ನಾನು.

ಆರಾಧನೆ ಮುಗಿಯುವವರೆಗೆ ಅಂಗಳದ ಗುಲ್‌ಮೊಹರಿನ ಕೆಳಗೆ ಕುಳಿತಿದ್ದೆ. ಅವಳು ಹೊರಗೆ ಬಂದವಳು ನನ್ನನ್ನು ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ನಿಂತುಬಿಟ್ಟಳು. ಮಧ್ಯಾಹ್ನದ ಸಭೆಗೆ ಬಾ, ಹಾಡಲು ಜನವೇ ಇಲ್ಲ ಅಂದೆ.

"ಅಲ್ಲೆ ನಾ ಬಾಯಿ ತೆಗೆದ್ರ ನಿಮಗ ತ್ರಾಸ ಆಗ್ತದ್ರಿ ಅಕ್ಕಾ. ಚೀಟಿ ನಿಮ್ಮ ಹೆಸರಿಗೆ ಬಂತು. ಅದರ ಅರ್ಥ ನನಗ ಅಲ್ಲೆ ಜಾಗ ಇಲ್ಲ ಅಂತ ದೇವರ ಹೇಳಿದ್ದು. ಅದನ್ನ ನಾ ಹೆಂಗ ಮೀರಲಿ?"

ಅವಳು ಅದನ್ನು ಮನಸಾರೆ ನಂಬಿದ್ದಳು. ಮಖಮಲ್ಲಿನ ಚೀಲದೊಳಗಿಂದ ಬಂದ ಡೈರಿಯ ತುಂಡು ಅವಳ ಪಾಲಿಗೆ ದೇವರ ಕೈಬರಹ. ಆ ನಂಬಿಕೆಯ ಮುಂದೆ ನನಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ತಲೆ ಎಣಿಸಿದ್ದು, ಸೋಲುತ್ತೇನೆಂದು ತಿಳಿದು ಚೀಟಿಯ ಮಾತು ಎತ್ತಿದ್ದು, ಕಣ್ಣು ತೆರೆದುಕೊಂಡು ನನ್ನ ಹೆಸರನ್ನೇ ಬೇಡಿಕೊಂಡದ್ದು, ಅಭ್ಯಾಸದ ದಿನ ಬದಲಿಸಿದ್ದು, ಶ್ರುತಿ ತಗ್ಗಿಸಿದ್ದು. ನೀನು ಹೇಳಿದ ಜಾಗದಲ್ಲಿ ರಾಗ ಇಳಿಯುವುದೇ ಸರಿ ಎಂದೂ ಹೇಳಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು. ಪರವಾಗಿಲ್ಲ ಅನ್ನಲಿಲ್ಲ.

"ಮೂರು ತಿಂಗಳು ನಾ ದೇವರಿಗೆ ಏನು ತಪ್ಪು ಮಾಡೇನಿ ಅಂತ ಕೇಳಿಕೋತ ಇದ್ದೆ," ಅಂದಳು. ಅಷ್ಟು ಹೊತ್ತಿಗೆ ಅವಳ ಧ್ವನಿಯಲ್ಲಿ ಸಿಟ್ಟು ಬಂದಿತ್ತು. ಅದನ್ನು ಕೇಳಿ ನನಗೆ ಒಂದು ಬಗೆಯ ನೆಮ್ಮದಿಯಾಯಿತು. ಅವಳೂ ನನ್ನಂತೆ ಮನುಷ್ಯಳೇ.

ಏಳುವ ಮೊದಲು, ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ. ಅಪ್ಪ ನನ್ನ ಹಾಡಿನ ಬಗ್ಗೆ ಯಾವತ್ತಾದರೂ ಏನಾದರೂ ಅಂದಿದ್ದರೇ ಎಂದು.

ಅವಳು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದಳು. ನನಗಾಗಿ ಏನಾದರೂ ಸಿಕ್ಕೀತೇ ಎಂದು ನಿಜವಾಗಿ ಹುಡುಕಿದಳು. "ಇಲ್ರಿ ಅಕ್ಕಾ. ಹಾಡ ಬಿಟ್ಟು ಬ್ಯಾರೆ ಮಾತು ಆಡ್ತಿದ್ದಿಲ್ಲ ಅವರು," ಅಂದಳು. ಒಂದು ಸುಳ್ಳು ಹೇಳಿದ್ದರೆ ನಾನು ಅವಳಿಗೆ ಜೀವಮಾನವಿಡೀ ಋಣಿಯಾಗಿರುತ್ತಿದ್ದೆ. ಹೇಳಲಿಲ್ಲ. ಆಮೇಲಾಮೇಲೆ ಅದೇ ಒಳ್ಳೆಯದಾಯಿತು ಅನ್ನಿಸಿತು.

ಅವತ್ತು ಮಧ್ಯಾಹ್ನವೇ ಪಾಸ್ಟರಿಗೆ ಹೇಳಿದೆ. ಚೀಟಿಯನ್ನು ರದ್ದು ಮಾಡಿ ಅಂದೆ. ಅವರು ಒಪ್ಪಲಿಲ್ಲ.

"ಚೀಟಿ ತಪ್ಪಲ್ರಿ ಅಕ್ಕಾರ. ಜಗಳ ನಿಲ್ಲಲಿ ಅಂತ ಕೇಳಿದ್ವಿ, ನಿಂತೈತಿ. ಯಾರ ಕೊರಳು ಛ‌ಲೋ ಅಂತ ನಾವು ದೇವರನ್ನ ಕೇಳೇ ಇಲ್ಲ. ಅದು ಎಲ್ಲಾರಿಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಚೀಟಿ ಹಾಕಿ ಕೇಳಬೇಕಾದ್ದಲ್ಲ ಅದು."

ಸಭೆಯ ಮುಂದೆ ಆಡಿದ ಮಾತಿನ ಹಿಂದಿನ ನಿಜವನ್ನು ಸಭೆಯ ಮುಂದೆಯೇ ಹೇಳಬೇಕು ಎಂದೂ ಅಂದರು. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನಿಂತು ನಾಲ್ಕು ಮಾತಿನಲ್ಲಿ ಹೇಳಿದೆ. ಮತ್ಸರ ಎನ್ನುವ ಶಬ್ದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೆಲವರು ಫ್ಯಾನಿನ ಕಡೆ ನೋಡಿದರು. ಕೆಲವರಿಗೆ ಇದೆಲ್ಲ ಮೊದಲೇ ಗೊತ್ತಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆ ಎಂಜಿನಿಯರ್ ಹುಡುಗ, ಹಾಗಾದರೆ ಇನ್ನೊಮ್ಮೆ ಚೀಟಿ ಹಾಕೋಣ ಅಂದ. ಪಾಸ್ಟರು ಬೇಡವೆಂದರು. ನನ್ನ ಕಡೆಯವಳೆಂದು ನಾನು ಎಣಿಸಿದ್ದ ಒಬ್ಬ ಹೆಂಗಸು ಅವತ್ತು ನನ್ನ ಜೊತೆ ಚಹಾ ಕುಡಿಯಲು ನಿಲ್ಲಲಿಲ್ಲ, ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ. ದೇವರ ಹೆಸರಿನಲ್ಲಿ ತನ್ನನ್ನೂ ಆಟ ಆಡಿಸಿದೆ ಎಂದು ಅವಳ ಸಿಟ್ಟು. ಅದು ನ್ಯಾಯವೇ.

ಬೆಟಗೇರಿಯವಳು ಮತ್ತೆ ಬಂದಳು, ಆದರೆ ಪೂರ್ತಿ ಬರಲಿಲ್ಲ. ಮರಾಠಿಯವರಿಗೆ ಮಾತು ಕೊಟ್ಟಿದ್ದಾಳಂತೆ, ಮುರಿಯುವುದಿಲ್ಲ. ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಅವರಲ್ಲಿ, ಎರಡು ಭಾನುವಾರ ಮಧ್ಯಾಹ್ನ ನಮ್ಮಲ್ಲಿ. ಹಾಡು ಎತ್ತುವವಳು ಈಗಲೂ ನಾನೇ. ಅವಳು ಒಪ್ಪದ ಕಾರಣ ಅದು ಹಾಗೆಯೇ ಉಳಿಯಿತು. ಕೆಲವು ಹಾಡುಗಳಲ್ಲಿ ಅವಳು ಎರಡನೆಯ ಸ್ವರ ಸೇರಿಸುತ್ತಾಳೆ. ಆ ಶುಭಶುಕ್ರವಾರ ಅವಳೊಬ್ಬಳಿಗೇ ಒಂದು ಹಾಡು ಕೊಟ್ಟೆ. ಅವಳು ಹಾಡುವಾಗ ಅಜ್ಜಿ ಅತ್ತರು. ನಾನು ಅಳಲಿಲ್ಲ. ಆರಾಧನೆ ಮುಗಿದ ಮೇಲೆ ಜನ ಅವಳ ಸುತ್ತ ನೆರೆದಾಗ ಹಾಡಿನ ಪುಸ್ತಕಗಳನ್ನು ಒಟ್ಟುಮಾಡುವ ನೆವದಲ್ಲಿ ಹಿಂದಿನ ಬೆಂಚಿನ ತನಕ ಹೋದೆ. ಸಭೆಯ ಮುಂದೆ ಹೇಳಿಕೊಂಡರೆ ಮತ್ಸರ ಹೊರಟುಹೋಗುತ್ತದೆ ಎಂದುಕೊಂಡಿದ್ದೆ. ಅದು ಹೋಗಲಿಲ್ಲ. ಈಗ ಅದು ಬಂದಾಗ ನನಗೆ ಗುರುತು ಸಿಗುತ್ತದೆ, ಅಷ್ಟು ಮಾತ್ರ.

ಹೋದ ವಾರ ನಮ್ಮಲ್ಲಿಗೆ ಬರುವ ಪಾಳಿ ಅವಳದಿತ್ತು. ಅವಳಿದ್ದಾಳೆಂದು ಎತ್ತರದ ಸ್ವರದ ಒಂದು ಹಾಡು ಆರಿಸಿಟ್ಟಿದ್ದೆ. ಮಧ್ಯಾಹ್ನ ಎರಡಕ್ಕೆ ಬಸ್ಸಿನಲ್ಲಿದ್ದಾಗ ಅವಳ ಮೆಸೇಜು ಬಂತು, ಜೊತೆಯ ನರ್ಸಿಗೆ ಜ್ವರ, ಡ್ಯೂಟಿ ಬಿಡಲಾಗುವುದಿಲ್ಲ ಎಂದು. ಓದಿದ ಕೂಡಲೇ ಒಳಗೆ ಎಲ್ಲೋ ಒಂದಿಷ್ಟು ಖುಷಿಯಾದದ್ದು ಸುಳ್ಳಲ್ಲ. ಮುಂದಿನ ನಿಲ್ದಾಣದವರೆಗೆ ಅದನ್ನು ಅನುಭವಿಸಿದೆ. ಆಮೇಲೆ ಆ ಹಾಡನ್ನು ಅವಳಿಲ್ಲದೆ ಎತ್ತಲಾಗುವುದಿಲ್ಲವೆಂದು ಹೊಳೆದು, ಪುಸ್ತಕ ತೆಗೆದು, ನನ್ನ ಕಂಠಕ್ಕೆ ಒಗ್ಗುವ ಬೇರೊಂದು ಹಾಡು ಹುಡುಕತೊಡಗಿದೆ.